ಆಯಿ ಚೆಲ್ಲದ ನೀರು

ಶೈಲಕ್ಕ, ನಿಮ್ಮ ಲ್ಯಾಪ್‌ಟಾಪಿನ ಮೇಲೆ ನೀರು ಬಿದ್ದಿರಲಿಲ್ಲ. ಒಂದು ಹನಿಯೂ ಬಿದ್ದಿರಲಿಲ್ಲ. ಅದನ್ನು ಕೆಡಿಸಿದವನು ನಾನು — ನನ್ನ ಅಂಗಡಿಯಲ್ಲಿ, ನನ್ನ ಕೈಯಿಂದಲೇ. ಆ ತಪ್ಪನ್ನು ನಿಮ್ಮ ಅಪ್ಪನನ್ನು ಹೆತ್ತ ಆಯಿಯ ತಲೆಗೆ ಕಟ್ಟಿದವನೂ ನಾನೇ. ಮೂರು ವರ್ಷ ಆಯಿತು. ಈ ಮಾತು ಬರೆಯುವುದಕ್ಕೆ ಇವತ್ತು ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದು ಹಾಕಿದ್ದೇನೆ.

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ರಿಪೇರಿ ಅಂಗಡಿಯವನು ಇಷ್ಟು ಉದ್ದದ ಪತ್ರ ಯಾಕೆ ಬರೆದ ಅಂತ ನಿಮಗೆ ಅನ್ನಿಸಬಹುದು. ನೀವು ಈಗ ಬಾದಾಮಿಯಲ್ಲಿದ್ದೀರಿ, ಮದುವೆಯಾಗಿ ನಿಮ್ಮದೇ ಸಂಸಾರ ಹೂಡಿದ್ದೀರಿ. ಹಳೆಯದನ್ನು ಕೆದಕಿ ನಿಮ್ಮ ನೆಮ್ಮದಿ ಕೆಡಿಸುವುದು ಯಾಕೆ ಅಂತ ನನಗೂ ಅನ್ನಿಸಿತ್ತು. ಹಾಗೆ ಅನ್ನಿಸಿಕೊಂಡೇ ಮೂರು ವರ್ಷ ಹಾಯಾಗಿ ಉಂಡು ಮಲಗಿದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತು ತಿರುಗಿಸಿಬಿಡುತ್ತೇನೆ, ನನ್ನ ನಾಲಿಗೆಯ ಬಗ್ಗೆ ನನಗೆ ಗೊತ್ತು.

ಆ ಲ್ಯಾಪ್‌ಟಾಪ್ ಹೊಸದಾಗಿ ಬಂದಾಗ ಅದನ್ನು ಹೊಂದಿಸಿಕೊಡಲು ನಾನೇ ಕಮತಗಿಯ ನಿಮ್ಮ ತವರುಮನೆಗೆ ಬಂದಿದ್ದೆ, ನೆನಪಿದೆಯಾ? ಉರಿಬಿಸಿಲು. ಹೊಸ್ತಿಲು ದಾಟಿ ಚೀಲ ಇಳಿಸುವುದರೊಳಗೆ ಆಯಿ ಬಂದರು. ಒಂದು ಕೈಯಲ್ಲಿ ಹಿತ್ತಾಳೆ ತಂಬಿಗೆ, ಇನ್ನೊಂದು ಕೈಯಲ್ಲಿ ಬೆಲ್ಲದ ಚೂರು. "ಬಿಸಲಾಗ ಬಂದೀ ತಮ್ಮಾ, ಒಮ್ಮಿಗಲೇ ಗಟಗಟ ಕುಡೀಬ್ಯಾಡ. ಮೊದಲ ಬೆಲ್ಲ ಬಾಯಾಗ ಹಾಕ್ಕೋ" ಅಂದರು. ಕೈ ನಡುಗುತ್ತಿತ್ತು. ತಂಬಿಗೆ ನನ್ನ ಕೈಗೆ ಕೊಡುವಾಗ ನೀರು ತುಳುಕಿ ನನ್ನ ಪಾದದ ಮೇಲೆ ಬಿತ್ತು. ಅವರು ನಕ್ಕು, "ನಿನ್ನ ಕಾಲಿಗೂ ನೀರಡಿಕಿ ಆಗಿತ್ತು ಕಾಣತೈತಿ" ಅಂದರು. ನಾನು ಪೂರ್ತಿ ಕುಡಿಯುವ ತನಕ ಅಲ್ಲೇ ನಿಂತಿದ್ದರು. ಈ ಮನೆಗೆ ಬಂದವರು ಯಾರೂ ಆಯಿಯ ಕೈ ನೀರು ಕುಡಿಯದೆ ಹೋಗುವುದಿಲ್ಲ ಅಂತ ನಿಮ್ಮ ಅವ್ವ ಹೇಳಿದರು.

ಆ ನಡುಗುವ ಕೈ ನನ್ನ ತಲೆಯಲ್ಲಿ ಉಳಿದಿತ್ತು. ಮುಂದೆ ಅದು ನನ್ನ ಕೆಲಸಕ್ಕೆ ಬಂತು — ಎಂಥ ಕೆಲಸಕ್ಕೆ ಬಂತು ಅನ್ನುವುದನ್ನು ಹೇಳುವುದಕ್ಕೇ ಈ ಪತ್ರ.

ಎರಡು ವರ್ಷದ ಮೇಲೆ ನೀವು ಅದನ್ನು ಅಂಗಡಿಗೆ ತಂದಿರಿ. ಅಪ್ಪನ ಮಗ್ಗಗಳಿಗೆ ನೀವು ಅದರಲ್ಲೇ ಸೀರೆಯ ದಡಿ, ಸೆರಗಿನ ನಮೂನೆ ಬರೆಯುತ್ತಿದ್ದಿರಿ. "ಚಾಲೂ ಮಾಡಿ ಚಹಾ ಕುಡದು ಬಂದ್ರೂ ಇನ್ನೂ ತಿರಗತಿರತೈತ್ರಿ ಅಣ್ಣಾರ" ಅಂತ ದೂರಿದಿರಿ. ಕಡಿಮೆ ಬೆಲೆಯ ಯಂತ್ರ, ಅದರಲ್ಲಿ ಇದ್ದದ್ದು ನಾಲ್ಕು ಜಿಬಿ ರ‍್ಯಾಮ್, ನಿಧಾನದ ಹಾರ್ಡ್ ಡಿಸ್ಕ್. ಇನ್ನೊಂದು ರ‍್ಯಾಮ್ ಹಾಕಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರೆ ಹೊಸದಕ್ಕಿಂತ ಚಲೋ ಓಡುತ್ತದೆ ಅಂದೆ. ಅದು ಖರೆಯೇ. ಆ ಕೆಲಸ ನಾನು ಕಣ್ಣು ಮುಚ್ಚಿ ಮಾಡುತ್ತೇನೆ ಅನ್ನುವ ಸೊಕ್ಕು ನನಗೆ.

ಬಾಗಲಕೋಟೆಯಲ್ಲಿ ನನಗೆ ಈ ಕಸುಬು ಕಲಿಸಿದ ಉಸ್ತಾದ ಒಂದು ಪಾಠ ಹೇಳಿದ್ದ. ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಹಾಳೆಯ ಮೇಲೆ ಅದರ ತಳದ ಚಿತ್ರ ಬರೆಯಬೇಕು. ಯಾವ ಸ್ಕ್ರೂ ಎಲ್ಲಿಂದ ಬಂತೋ ಹಾಳೆಯಲ್ಲಿ ಅದೇ ಜಾಗದಲ್ಲಿ ಚುಚ್ಚಿಡಬೇಕು. ಯಾಕೆಂದರೆ ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ. ಹಿಂದೆ ಉದ್ದನೆಯವು, ಮುಂದೆ ಕೈ ಊರುವ ಕಡೆ ಗಿಡ್ಡವು. ನಾನು ಹೊಸ ಹುಡುಗರಿಗೆ ಈ ಪಾಠ ಹೇಳುತ್ತೇನೆ. ಆ ದಿನ ಮಾತ್ರ ಎಲ್ಲ ಸ್ಕ್ರೂಗಳನ್ನೂ ಚಹಾದ ಬಸಿಯೊಳಗೆ ಸುರುವಿದೆ. ಮುಚ್ಚುವಾಗ ಮುಂದಿನ ಎಡಗಡೆಯ ತೂತಿಗೆ ಹಾಕಿದ ಸ್ಕ್ರೂ ಅರ್ಧಕ್ಕೇ ಬಿಗಿಯಾಯಿತು. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಒತ್ತಿ ತಿರುಗಿಸಿದೆ. ಒಳಗೆ ಸಣ್ಣಗೆ ಏನೋ ಟಿಕ್ಕೆಂದಿತು. ಕೇಳಿಸಿಕೊಂಡೆ — ಕೇಳಿಸಲಿಲ್ಲ ಅಂತ ಹೇಳಲಾರೆ. ಚಾಲೂ ಮಾಡಿದರೆ ಚಾಲೂ ಆಯಿತು. ನೀವು ಖುಷಿಯಿಂದ ಒಯ್ದಿರಿ.

ಮೂರನೇ ದಿನಕ್ಕೆ ನೀವೂ ನಿಮ್ಮ ಅಪ್ಪನೂ ಅದನ್ನು ತಿರುಗಿ ತಂದಿರಿ. ಸತ್ತುಹೋಗಿತ್ತು. ಒಂದು ದೀಪವೂ ಇಲ್ಲ. ತಳ ಬಿಚ್ಚಿದ ಕೂಡಲೇ ಕಂಡಿತು. ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದನೆಯದು ಓರೆಯಾಗಿ ಇಳಿದು, ಮದರ್‌ಬೋರ್ಡಿನ ಅಂಚಿನ ತಾಮ್ರದ ಗೆರೆ ಕಡಿದಿತ್ತು. ಅದರ ತುದಿ ಮೇಲಿನ ಪ್ಲಾಸ್ಟಿಕ್ಕನ್ನೂ ಒಳಗಿನಿಂದ ನೂಕಿತ್ತು. ನನ್ನ ಕೆಲಸದ ಗುರುತು ನನ್ನ ಕಣ್ಣೆದುರಿಗೇ ಇತ್ತು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳು ಕೂತಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ಹೊತ್ತಿಗೆ ನನಗೆ ಯಾವುದು ದೊಡ್ಡದಾಗಿ ಕಂಡಿತು ಅನ್ನುವುದು ನಿಮಗೆ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

"ನೀರು ಬಿದ್ದೈತ್ರಿ" ಅಂದೆ.

ನಮ್ಮ ಕಸುಬಿನಲ್ಲಿ ಇದು ಭಾಳ ಸಲೀಸಾದ ಸುಳ್ಳು. ನೀರು ಯಾರ ಮನೆಯಲ್ಲಿ ಇರುವುದಿಲ್ಲ? ಗಿರಾಕಿ ತಾನಾಗಿಯೇ ನೆನಪು ಮಾಡಿಕೊಳ್ಳಲು ಶುರು ಮಾಡುತ್ತಾನೆ. ನೀವು ಮಾತ್ರ ಹಾಗೆ ಒಪ್ಪಲಿಲ್ಲ. "ಎಲ್ಲಿ ಬಿದ್ದೈತ್ರಿ, ತೋರಸ್ರಿ" ಅಂತ ಬಗ್ಗಿ ನೋಡಿದಿರಿ. ಬೋರ್ಡಿನ ಮೇಲೆ ಒಂದು ಕಡೆ ಕಂದು ಬಣ್ಣದ ಅಂಟು ಒಣಗಿ ಕೂತಿತ್ತು — ಯಂತ್ರ ತಯಾರಾಗುವಾಗಲೇ ಹಚ್ಚಿರುತ್ತಾರೆ, ಎಲ್ಲದರಲ್ಲೂ ಇರುತ್ತದೆ. ಸ್ಕ್ರೂ ಡ್ರೈವರಿನ ತುದಿಯಿಂದ ಅದನ್ನೇ ತೋರಿಸಿ, "ಇಲ್ಲಿ ನೀರಿನ ಕಲಿ ನೋಡ್ರಿ" ಅಂದೆ. ಆಮೇಲೆ ಯಾರೂ ಕೇಳದಿದ್ದ ಮಾತನ್ನು ನಾನಾಗಿಯೇ ಆಡಿದೆ.

"ಮನಿಯಾಗ ಯಾರರ ತಂಬಗಿ ತಂದು ಹತ್ತರ ಇಡ್ತಾರೇನ್ರಿ? ಆಯಿಯವರ ಕೈ ನಡಗತಾವಲ್ಲ…"

ನೀವು ಬೋರ್ಡಿನಿಂದ ಕಣ್ಣು ತೆಗೆದು ಅಪ್ಪನ ಕಡೆ ನೋಡಿದಿರಿ. "ನಾ ಕೆಲಸಕ್ಕ ಕುಂತ್ರ ನೀರು ಕುಡಿಯೂದ ಮರೀತೇನಂತ ಆಯಿನ ದಿನಾ ತಂದು ಇಡ್ತಾಳ್ರಿ" ಅಂದಿರಿ, ತಗ್ಗಿದ ದನಿಯಲ್ಲಿ.

"ಹಂಗಾರ ಅದ ನೋಡ್ರಿ."

ಅಷ್ಟೇ, ಶೈಲಕ್ಕ. ನನಗೆ ನೀರು ಕೊಟ್ಟ ಕೈಯನ್ನೇ ಹುಡುಕಿ ತೆಗೆದು ತೋರಿಸಿದೆ. ನಿಮ್ಮ ಅಪ್ಪನ ಮುಖ ಕೆಂಪಾಯಿತು. ಅರ್ಧ ಬರೆದ ನಮೂನೆ ಒಳಗೇ ಉಳಿದು ಮಗ್ಗ ನಿಂತಿದೆ ಅಂತ ಗೊಣಗಿದರು. ನಾನು ಬೇರೆ ಬೋರ್ಡು ತರಿಸಿ ಹಾಕಿಕೊಟ್ಟೆ. ಅದರ ದುಡ್ಡೂ ನಿಮ್ಮಿಂದಲೇ ತೆಗೆದುಕೊಂಡೆ. ಆ ದುಡ್ಡನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ, ತಿರುಗಿ ಕೊಡಲಿಕ್ಕೆ ಬರುವುದು ಅದೊಂದೇ. ಒಯ್ಯುವಾಗ ನೀವು ಎಡ ಅಂಗೈ ಊರುವ ಜಾಗದಲ್ಲಿ ಬೆರಳಾಡಿಸಿ, "ಇಲ್ಲೇನೋ ಉಬ್ಬೈತಲ್ರಿ" ಅಂದಿರಿ. "ಬಿಸಿಗೆ ಪ್ಲಾಸ್ಟಿಕ್ ಉಬ್ಬತೈತ್ರಿ" ಅಂದೆ. ನಾಚಿಕೆ ಅನ್ನುವುದು ಆ ದಿನ ನನ್ನ ಹತ್ತಿರವೂ ಸುಳಿಯಲಿಲ್ಲ.

ಅದಾಗಿ ಎಂಟು ತಿಂಗಳ ಮೇಲೆ ಪ್ರಿಂಟರ್ ಜೋಡಿಸಲು ಮತ್ತೆ ನಿಮ್ಮ ಮನೆಗೆ ಬಂದೆ. ಅವತ್ತೂ ಬಿಸಿಲೇ. ಆಯಿ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಏಳಲಿಲ್ಲ. ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, "ಏ ಇವ್ವಾ, ತಮ್ಮ ಬಂದಾನ, ನೀರು ಕೊಡ ಬಾ" ಅಂತ ನಿಮ್ಮ ಅವ್ವನನ್ನು ಕರೆದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೂ ತ್ರಾಸ ಕೊಟ್ನೆಪಾ. ನಾ ಚೆಲ್ಲಿದ್ದು ನನಗ ನೆನಪ ಇಲ್ಲ ನೋಡು" ಅಂದರು. ನನ್ನ ಕ್ಷಮೆ ಕೇಳಿದರು, ಶೈಲಕ್ಕ. ಅವರು, ನನ್ನನ್ನು.

ನೀವು ಒಳಗೆ ಪ್ರಿಂಟರಿನ ಮುಂದೆ ಇದ್ದಿರಿ, ಇದನ್ನು ನೋಡಿಲ್ಲ. ಆಯಿಯ ಮಗ್ಗುಲಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು. ಇನ್ನು ಎಲ್ಲೂ ನೀರು ಚೆಲ್ಲಬಾರದು ಅಂತ ನಿಮ್ಮ ಅಪ್ಪ ತಂದುಕೊಟ್ಟದ್ದಂತೆ, ತಂಬಿಗೆ ಅಟ್ಟಕ್ಕೆ ಹೋಗಿತ್ತಂತೆ. ನಾನು ಹೊರಡುವಾಗ ಅವರು ಅದನ್ನು ನನ್ನ ಕಡೆ ಚಾಚಿ, "ಇದರ ಮುಚ್ಚಳ ಅಷ್ಟು ತಗದು ಕೊಡು ತಮ್ಮಾ. ಬಿಗಿ ಹಾಕಿರ್ತಾರ, ನನ್ನ ಕೈಲೆ ಆಗಂಗಿಲ್ಲ. ಆಗಿನಿಂದ ಯಾರರ ಬರ್ತಾರೇನಂತ ಕುಂತೇನಿ" ಅಂದರು. ತೆಗೆದುಕೊಟ್ಟೆ. ಅವರು ಕುಡಿದರು, ಎದೆಯ ಮೇಲೆ ಒಂದಿಷ್ಟು ಚೆಲ್ಲಿತು, ಗಾಬರಿಯಾಗಿ ಸುತ್ತ ನೋಡಿ ಸೆರಗಿನಿಂದ ಒರೆಸಿಕೊಂಡರು. ಮಗ ನೋಡಿದನೇನೋ ಅನ್ನುವ ಹೆದರಿಕೆ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಮುಚ್ಚಳ ಸಡಿಲಾಗಿ ಹಾಕಿಟ್ಟು ಬಂದೆ. ನನ್ನ ಪಶ್ಚಾತ್ತಾಪ ಅವತ್ತು ಅಷ್ಟರ ಮಟ್ಟಿಗೆ ಮಾತ್ರ ಇತ್ತು.

ಹೋದ ವಾರ ನಿಮ್ಮ ಅಪ್ಪ ನೂಲಿಗೆ ಬಂದವರು ನನ್ನ ಅಂಗಡಿಯಲ್ಲಿ ಕೂತು ಹೇಳಿದರು: "ಅವ್ವಗ ಮರವು ಭಾಳ ಆಗೈತ್ರಿ. ಅವತ್ತು ನೀರು ಚೆಲ್ಲಿ ನೆನಪ ಇಲ್ಲ ಅಂದ್ಲಲ್ಲ, ಅವತ್ತಿಂದನ ಸುರು ಆತು ನೋಡ್ರಿ. ಈಗ ಟ್ರೆಜರಿ ಕಪಾಟಿನ ಕೀಲಿನೂ ಆಕಿ ಕಡೆ ಬಿಟ್ಟಿಲ್ಲ." ಚಹಾದ ಕಪ್ಪು ನನ್ನ ಕೈಯಲ್ಲೇ ಇತ್ತು. ಆಯಿಗೆ ನೆನಪಿಲ್ಲದ್ದು ಯಾಕೆ ಅಂತ ಈ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ. ನಡೆಯದೇ ಇದ್ದದ್ದು ನೆನಪಿರುವುದು ಹೇಗೆ? ಖರೆ ಹೇಳಿದ್ದಕ್ಕೆ ಆ ಮುದುಕಿಯ ಸೊಂಟದಿಂದ ಕೀಲಿ ತೆಗೆದುಕೊಂಡಿದ್ದಾರೆ.

ಸೋಮವಾರ ಕಮತಗಿಗೆ ಹೋದೆ. ನಿಮ್ಮ ಅಪ್ಪ ಮನೆಯಲ್ಲಿ ಇರದ ಹೊತ್ತು ನೋಡಿಯೇ ಹೋದೆ — ಇದನ್ನೂ ಮುಚ್ಚಿಡುವುದಿಲ್ಲ. ನಿಮ್ಮ ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಆಯಿಯ ಎದುರಿಗೆ ಕೂತು, ಕಿಸೆಯಿಂದ ಒಂದು ಉದ್ದನೆಯ ಸ್ಕ್ರೂ, ಒಂದು ಗಿಡ್ಡ ಸ್ಕ್ರೂ ತೆಗೆದು ಅವರ ಅಂಗೈಯಲ್ಲಿ ಇಟ್ಟು, ಎಲ್ಲ ಹೇಳಿದೆ. ನೀರು ಬಿದ್ದಿಲ್ಲ, ನಾನು ಸುಳ್ಳು ಹೇಳಿದೆ, ನಿಮ್ಮ ತಪ್ಪಿಲ್ಲ ಅಂದೆ. ಅವರು ಆ ಎರಡನ್ನೂ ಸಮಾಧಾನವಾಗಿ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇಲ್ಲಪಾ. ನನಗ ಈಗ ಚಲೋ ನೆನಪ ಐತಿ. ತಂಬಗಿ ವಾಲಿತು, ನೀರು ಹರದು ಅದರ ಬುಡಕ ಹೋತು. ಸೆರಗಿಲೆ ಒರಸೇನಿ ನಾ."

ನಡೆಯದೇ ಇದ್ದದ್ದನ್ನು ಅವರು ಕಂಡಿದ್ದಾರೆ, ಶೈಲಕ್ಕ. ಮನೆಯವರೆಲ್ಲ ಹೇಳಿ ಹೇಳಿ, ತಾವೂ ಒಬ್ಬರೇ ಕೂತು ಯೋಚಿಸಿ ಯೋಚಿಸಿ, ಆ ನೀರನ್ನು ಚೆಲ್ಲಿಕೊಂಡಿದ್ದಾರೆ. ನಾನು ಮತ್ತೆ ಮತ್ತೆ ಹೇಳಿದೆ. ಅವರು ನನ್ನ ಮೊಣಕಾಲು ತಟ್ಟಿ, "ಮುದುಕಿ ನೊಂದುಕೊಂಡಾಳಂತ ನಿನ್ನ ಮ್ಯಾಲೆ ಹಾಕ್ಕೊಳ್ಳಾಕ ಬಂದೀ. ಭಾಳ ದೊಡ್ಡ ಮನಸ್ಸೈತಿ ನಿಂದು" ಅಂದರು. ಸ್ಕ್ರೂ ನನ್ನ ಕೈಗೇ ತಿರುಗಿ ಕೊಟ್ಟರು.

ಇನ್ನೊಂದು ಮಾತು. ಇದನ್ನು ಬರೆಯಬಾರದು ಅಂತ ಮೊದಲಿನ ನಾಲ್ಕು ಹಾಳೆಯಲ್ಲಿ ಬಿಟ್ಟಿದ್ದೆ. ಅವರು ಹಾಗೆ ಅಂದಾಗ ನನಗೆ ಹಗುರ ಆಯಿತು. ಹೇಳಿದ್ದೂ ಆಯಿತು, ಬೈಸಿಕೊಳ್ಳದೆ ಪಾರಾದದ್ದೂ ಆಯಿತು, ಮೇಲೆ ಒಳ್ಳೆಯವನು ಅನ್ನಿಸಿಕೊಂಡದ್ದೂ ಆಯಿತು. ಅಮೀನಗಡ ದಾಟುವ ತನಕ ಬಸ್ಸಿನಲ್ಲಿ ಆರಾಮಾಗಿ ಕೂತಿದ್ದೆ. ಆಮೇಲೆ ಮುಂದಿನ ಸೀಟಿನಲ್ಲಿ ಯಾರೋ ಬಾಟಲಿಯ ಮುಚ್ಚಳ ತಿರುಗಿಸಿದರು. ಹುನಗುಂದಕ್ಕೆ ಬರುವುದರೊಳಗೆ ನನ್ನ ಬಗ್ಗೆ ನನಗೇ ಹೇಸಿಗೆ ಬಂದಿತ್ತು.

ನನ್ನ ಬಾಯಿ ಮಾತು ಈಗ ಅವರಿಗೆ ಸಾಕಾಗುವುದಿಲ್ಲ. ಆದರೆ ಆ ಲ್ಯಾಪ್‌ಟಾಪ್ ನಿಮ್ಮ ಹತ್ತಿರ ಇದೆ. ಬೋರ್ಡು ಬೇರೆಯಾದರೂ ಮೇಲಿನ ಪ್ಲಾಸ್ಟಿಕ್ ಅದೇ. ಎಡ ಅಂಗೈ ಊರುವಲ್ಲಿ ಬೆರಳಿಟ್ಟು ನೋಡಿರಿ, ಎಳ್ಳುಕಾಳಿನಷ್ಟು ಉಬ್ಬು ಸಿಗುತ್ತದೆ. ಅದು ಬಿಸಿಗೆ ಆದದ್ದಲ್ಲ. ನೀರು ಅಂಥ ಗುರುತು ಮಾಡುವುದಿಲ್ಲ. ತಳದ ಆ ಮೂಲೆಯಲ್ಲಿ ಈಗ ಇರುವ ಗಿಡ್ಡ ಸ್ಕ್ರೂ ತೆಗೆದು, ಈ ಪತ್ರದೊಳಗೆ ಇಟ್ಟಿರುವ ಉದ್ದನೆಯದರ ಪಕ್ಕ ಹಿಡಿದು ನೋಡಿರಿ. ಸಣ್ಣ ಮಗುವಿಗೂ ತಿಳಿಯುತ್ತದೆ.

ನೀವು ಅದನ್ನು ತೆಗೆದುಕೊಂಡು ಯಾವತ್ತು ಕಮತಗಿಗೆ ಬರುತ್ತೀರಿ ಅಂತ ಒಂದು ಮಾತು ತಿಳಿಸಿ. ನಾನು ಬರುತ್ತೇನೆ. ಈ ಸಲ ನಿಮ್ಮ ಅಪ್ಪ ಇರುವ ಹೊತ್ತಿಗೆ ಬರುತ್ತೇನೆ. ಅವರ ಎದುರಿಗೆ, ನಿಮ್ಮ ಅವ್ವನ ಎದುರಿಗೆ ಹೇಳುತ್ತೇನೆ. ಅವರು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ. ನೀವು ಆಯಿಯ ಬೆರಳು ಹಿಡಿದು ಆ ಉಬ್ಬಿನ ಮೇಲೆ ಇಡಿಸಿರಿ. ನನ್ನನ್ನು ನಂಬದಿದ್ದರೂ ನಿಮ್ಮನ್ನು ನಂಬುತ್ತಾರೆ. ಒಂದೇ ಸಲಕ್ಕೆ ನಂಬದಿದ್ದರೆ ಮತ್ತೆ ಬರುತ್ತೇನೆ, ಮತ್ತೆ ಹೇಳುತ್ತೇನೆ.

ಕ್ಷಮಿಸಿ ಅಂತ ಕೇಳುವುದಿಲ್ಲ. ಅಟ್ಟದಿಂದ ಆ ಹಿತ್ತಾಳೆ ತಂಬಿಗೆ ಇಳಿಸಿ ತೊಳೆದಿಡಿ, ಅಷ್ಟು ಸಾಕು. ನನಗೆ ಆಯಿ ಇನ್ನು ನೀರು ಕೊಡದಿದ್ದರೂ ನಡೆದೀತು — ತಮಗೆ ನೀರಡಿಕೆ ಆದಾಗ ಯಾರ ದಾರಿಯನ್ನೂ ಕಾಯದೆ, ತಾವೇ ಎದ್ದು, ತುಂಬಿಕೊಂಡು, ಚೆಲ್ಲಿಕೊಂಡು ಕುಡಿಯಲಿ.