ತುಳಿಯಬಾರದ ಉಪ್ಪು

ಡಲ್ಲಾಸ್‌ನಿಂದ ಉತ್ತರಕ್ಕೆ, ಹೊಲಗಳ ನಡುವೆ, ನಾಲ್ಕು ಮನೆಗಳಿಗೆ ಸೇರಿ ಒಂದೇ ರಸ್ತೆ ನಮ್ಮದು. ಸರ್ಕಾರ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಗುಂಡಿ ಬಿದ್ದರೂ ನಾವೇ, ಮರ ಬಿದ್ದರೂ ನಾವೇ. 2013ರ ಚಳಿಗಾಲದಲ್ಲಿ ಅದರ ಮೇಲೆ ಮೊದಲು ಮಳೆ ಬಿದ್ದು ಹೆಪ್ಪುಗಟ್ಟಿತು, ಮೇಲೆ ಹಿಮ ಸುರಿಯಿತು.

ಎದುರು ಮನೆಯ ಅಮೆರಿಕನ್ ಅಜ್ಜಿ ಬೆಳಿಗ್ಗೆಯೇ ಬಾಗಿಲು ಬಡಿದಳು. ಅವಳ ಗಂಡ ಡಲ್ಲಾಸ್‌ನ ಆಸ್ಪತ್ರೆಯಲ್ಲಿದ್ದ. ಕೂಡಲೇ ಬನ್ನಿ ಎಂದು ಫೋನ್ ಬಂದಿತ್ತು. ಹೊರಟ ಅವಳ ಕಾರು ಇಳಿಜಾರಿನಲ್ಲಿ ಜಾರಿ ಬೇಲಿಗೆ ಒರಗಿ ನಿಂತಿತ್ತು.

"ಅಲ್ಲಿ ಅವನೊಬ್ಬನೇ ಇದ್ದಾನೆ," ಎಂದಳು.

ನಮ್ಮ ಪಿಕಪ್ ಟ್ರಕ್ ಇತ್ತು, ಆದರೆ ಆ ಇಳಿಜಾರು ಅದಕ್ಕೂ ದಾರಿ ಬಿಡುವಂತಿರಲಿಲ್ಲ. ಉಳಿದ ಎರಡು ಮನೆಯವರೂ ತೋಟದ ಸಲಿಕೆ ಹಿಡಿದು ಬಂದರು. ಹಿಮವೇನೋ ಎದ್ದಿತು, ಕೆಳಗಿನ ಐಸ್ ಅಲುಗಲಿಲ್ಲ. ಅಷ್ಟರಲ್ಲಿ ನನ್ನ ಗಂಡ, ಸಾಫ್ಟ್‌ವೇರ್ ಮಹಾಶಯರು, ಬಕೆಟ್ ತುಂಬ ಬಿಸಿನೀರು ತಂದು ಸುರಿದರು. ಹಬೆಯೆದ್ದಿತು. ಸ್ವಲ್ಪ ಹೊತ್ತಿಗೆ ಆ ನೀರೂ ಗಟ್ಟಿಯಾಗಿ ರಸ್ತೆ ಮತ್ತಷ್ಟು ನುಣ್ಣಗಾಯಿತು.

"ಬುದ್ಧಿ ಎಲ್ಲಿ ಇಟ್ಟ್ ಬಂದೀರಿ? ಅಂಗಳಾ ತೊಳ್ಯಾಕ ಬಂದೀರೇನ್ರಿ?" ಎಂದು ಎಲ್ಲರೆದುರೇ ಕೂಗಿದೆ. ಪಾಪ, ಅವರು ಖಾಲಿ ಬಕೆಟ್ ಬದಿಗಿಟ್ಟು ಸಲಿಕೆ ಹಿಡಿದರು.

ಐಸ್ ಕರಗಿಸಲು ಉಪ್ಪು ಬೇಕಿತ್ತು. ಉಪ್ಪು ತರಲು ರಸ್ತೆ ಬಿಡಬೇಕು, ರಸ್ತೆ ಬಿಡಲು ಉಪ್ಪು ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಆಗ ನೆನಪಾಯಿತು, ನಮ್ಮ ಜೊತೆಗಿದ್ದ ಅತ್ತೆ ಉಪ್ಪಿನಕಾಯಿಗೆಂದು ತರಿಸಿಟ್ಟ ಕಲ್ಲುಪ್ಪಿನ ಚೀಲ. ಎತ್ತಲು ಹೋದರೆ ಅಡ್ಡ ನಿಂತರು.

"ಉಪ್ಪಂದ್ರ ಲಕ್ಷ್ಮಿ. ದಾರ್ಯಾಗ ಚೆಲ್ಲಿ ತುಳಿತೀರೇನು? ನಾ ಬಿಡೂದಿಲ್ಲ."

"ಅತ್ತಿ, ಅಲ್ಲಿ ಆಕಿ ಗಂಡ ಸಾಯಾಕ ಹತ್ತ್ಯಾನ್ರಿ!"

ಅತ್ತೆ ಕಿಟಕಿಯಿಂದ ನೋಡಿದರು. ಅಜ್ಜಿ ಮೊಣಕಾಲೂರಿ ಕುಳಿತು ಅಡುಗೆಯ ಚಮಚದಿಂದ ಐಸ್ ಕೆರೆಯುತ್ತಿದ್ದಳು. ಅತ್ತೆ ಒಂದು ಹಿಡಿ ಉಪ್ಪು ತೆಗೆದು ಕಣ್ಣಿಗೊತ್ತಿಕೊಂಡು ಚೀಲವನ್ನು ನನ್ನತ್ತ ನೂಕಿದರು.

"ಒಯ್ಯಿ. ಪಾಪ ಬಂದ್ರ ನನಗ ಬರ್ಲಿ."

ಉಪ್ಪು ತನ್ನ ಕೆಲಸ ಮಾಡಿತು, ಆದರೆ ತೀರಾ ನಿಧಾನಕ್ಕೆ. ನಾವು ಎರಚುವುದು, ಕಾಯುವುದು, ಕುಟ್ಟುವುದು. ಕೈ ಮರಗಟ್ಟಿತ್ತು. ಕೊನೆಗೆ ಮಧ್ಯಾಹ್ನ ಟ್ರಕ್ ಇಳಿಜಾರು ದಾಟಿದಾಗ ಸಲಿಕೆ ಹಿಡಿದವರೆಲ್ಲ ಹೋ ಎಂದು ಕೂಗಿದರು. ನಾನು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕುಳಿತಿದ್ದೆ.

ಹೈವೇ ಕಾಣುವಷ್ಟರಲ್ಲಿ ಅವಳಿಗೆ ಆಸ್ಪತ್ರೆಯಿಂದ ಫೋನ್ ಬಂತು. ಕೇಳಿಸಿಕೊಂಡಳು, ಸರಿ ಎಂದಳು, ಇಟ್ಟಳು. ನನಗೆ ಕೆಟ್ಟ ಸಿಟ್ಟು ಬಂತು. ಆ ಬಿಸಿನೀರಿನ ಮೇಲೆ, ಅತ್ತೆಯ ಶಾಸ್ತ್ರದ ಮೇಲೆ, ದೇವರ ಮೇಲೆ. ಟ್ರಕ್ ಓಡಿಸುತ್ತಿದ್ದ ನನ್ನ ಗಂಡ ಏನು ಮಾಡಬೇಕೋ ತಿಳಿಯದೆ ವೇಗ ಹೆಚ್ಚಿಸಿದರು. ಅಜ್ಜಿ ಮುಂದೆ ಬಾಗಿ ಅವರ ಭುಜ ಮುಟ್ಟಿದಳು.

"ನಿಧಾನಕ್ಕೆ ಓಡಿಸಪ್ಪಾ," ಎಂದಳು. "ನನಗಿನ್ನು ಅವಸರವಿಲ್ಲ."