ಎರಡನೆಯ ಲೋಟ

ನಮ್ಮ ಹೋಂಸ್ಟೇಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರು ಬಣಕಲ್‌ನಿಂದ ಬೈಕಿನಲ್ಲಿ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ ಲ್ಯಾಪ್‌ಟಾಪ್ ಬಿಚ್ಚುತ್ತಿದ್ದರು. ಅಂದು ಅತಿಥಿಯೊಬ್ಬರು ಒಮ್ಮೆ ಬಟನ್ ಒತ್ತಿದ್ದಕ್ಕೆ ಎರಡು ಜೀಪು ಬುಕ್ ಆಗಿ, ಅಂಗಳದಲ್ಲಿ ಇಬ್ಬರು ಡ್ರೈವರ್‌ಗಳು ಒಂದೇ ಚೀಲ ಎಳೆದಾಡುತ್ತಿದ್ದರು.

“ಮೊದಲ್ನೇ ಪೇಜು ಬುಕ್ ಮಾಡಿ, ಅದೇ ಕೋರಿಕೆನ ಸರ್ವರ್ ಒಳಗೇ ಎರಡನೇ ಪೇಜಿಗೆ ದಾಟಿಸ್ತದೆ ಮಾರಾಯ್ರೆ.” ಅವರು ಪರದೆ ತೋರಿಸಿದರು. “ಬಟನ್ ಒತ್ತಿದ ಸುದ್ದಿ ಜೊತೆಗೇ ಹೋಗ್ತದೆ, ಆ ಎರಡನೇ ಪೇಜೂ ಬುಕ್ ಮಾಡ್ತದೆ. ಕಳಿಸುವಾಗ ‘ಆಗಿದೆ’ ಅಂತ ಹೇಳಿ ಕಳಿಸ್ಬೇಕು, ಅಷ್ಟೇ.”

ಹಾಗೆಯೇ ಸರಿಪಡಿಸಿದರು. ಜಗಲಿಯಲ್ಲಿ ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಇಡಲು ಅಡುಗೆಮನೆಗೆ ಹೋದರು. ಒಲೆಯ ಮುಂದಿದ್ದ ಅಜ್ಜಿ ತಿರುಗಿ ನೋಡದೆಯೇ, “ಕಾಫಿ ಕೊಡ್ಲಾ?” ಎಂದರು.

ಅವರು ಲೋಟವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ಬಾಗಿಲಲ್ಲಿದ್ದ ನನಗೆ ಕಣ್ಣು ಹೊಡೆದು, ಮಣೆ ಎಳೆದುಕೊಂಡು ಕೂತರು. ‘ಆಗಿದೆ’ ಎನ್ನಲೇ ಇಲ್ಲ.