ಸುತ್ತ ಸುಲಿದ ಕಮರ

ದೇವಸಮುದ್ರದ ಮೇಲಿನ ಗುಡ್ಡದ ಕಮರದ ಮರಗಳನ್ನು ಹುಳ ಕೊಂದಿತು ಎನ್ನುವುದು ಸುಳ್ಳು. ಮೊದಲು ಸತ್ತದ್ದು ಒಂದೇ ಮರ. ಅದನ್ನು ಕೊಂದವಳು ನಾನು.

ಮೊನ್ನೆ ಪಕ್ಕದ ಮನೆಯವರು ಕತ್ತಾಳೆ ನಾರು ನೆನೆಹಾಕಿದ್ದರು. ಆ ಹುಳಿವಾಸನೆ ಮೂಗಿಗೆ ಬಡಿದಾಗ ಚಿಕ್ಕಂದಿನ ನಮ್ಮ ಮನೆ ಇಡಿಯಾಗಿ ಕಣ್ಣ ಮುಂದೆ ಎದ್ದು ಬಂತು. ಅಪ್ಪ ಕಮರದ ತೊಗಟೆ ಸುಲಿದು, ತೊಟ್ಟಿಯಲ್ಲಿ ನೆನೆಸಿ, ಬಡಿದು, ಬಾವಿ ಹಗ್ಗ ಹೊಸೆಯುತ್ತಿದ್ದ. ಅವ್ವನ ಸೆರಗು, ನನ್ನ ಜಡೆ, ಮುದ್ದೆ ಮುರಿಯುವ ಕೈ, ಎಲ್ಲಕ್ಕೂ ಅದೇ ವಾಸನೆ. "ಹೆಣ್ಣು ನೋಡೋಕೆ ಬಂದೋರು ಮೂಗು ಮುಚ್ಕೊಂಡು ಓಡ್ತಾರೆ ಕಣೇ," ಎಂದು ಅವ್ವ ನಗುತ್ತಿದ್ದಳು. ಅಪ್ಪನ ಕಟ್ಟಳೆ ಒಂದೇ: "ಒಂದು ಮಗ್ಗುಲು, ಅಂಗೈಯಗಲ ಸುಲಿ. ಉಳಿದದ್ದು ಮರದ್ದು." ಉಯ್ಯಾಲೆ ಹಗ್ಗದ ಆಸೆಗೆ ನಾನು ಒಂದು ದೊಡ್ಡ ಮರವನ್ನು ಸುತ್ತಲೂ ಸುಲಿದೆ. ನಿಂತಲ್ಲೇ ಒಣಗಿತು. ಒಣಗಿದ್ದಕ್ಕೆ ಕೊರೆಯುವ ಹುಳ ಬಿತ್ತು. ಅಪ್ಪ ಕುಡುಗೋಲಿನ ಗುರುತನ್ನು ಬೆರಳಿಂದ ಸವರಿದ, ನನ್ನ ಮುಖ ನೋಡಿದ. ಊರವರು ಕೇಳಿದಾಗ "ಹುಳ ಬಿದ್ದೈತೆ" ಎಂದ. ಅಷ್ಟು ಸಾಕಾಯಿತು. ಹುಳದ ಹೆಸರು ಹೇಳಿ ಗುತ್ತಿಗೆದಾರರು ಹಸಿ ಮರಗಳನ್ನೂ ಕಡಿದು ಲಾರಿ ತುಂಬಿದರು. ಕಡಿದ ಮೋಟುಗಳಿಗೆ ನಿಜಕ್ಕೂ ಹುಳ ಬಿತ್ತು, ಕಡಿಯುವಾಗ ಗಾಯಗೊಂಡು ಉಳಿದವಕ್ಕೂ ಹಬ್ಬಿತು. ಅಪ್ಪ ಒಣ ತೊಟ್ಟಿಯ ಪಕ್ಕ ಕೂತೇ ಮುದುಕನಾದ. ಆ ಮಾತು ಮತ್ತೆ ಎತ್ತಲಿಲ್ಲ. ಈಗ ಅವನಿಲ್ಲ, ಅವ್ವ ಇಲ್ಲ. ಮನೆ ಇದ್ದ ಜಾಗದಲ್ಲಿ ಯಾರೋ ಮೇಕೆ ಕಟ್ಟುತ್ತಾರೆ.

ಆ ಬೋಳು ಗುಡ್ಡದಲ್ಲಿ ಈಗ ಮತ್ತೆ ಕಾಡು ಬೆಳೆಸಲು ಗುಂಡಿ ತೆಗೆದಿದ್ದಾರೆ. ನರ್ಸರಿಯ ಸುಜಾತ ಬಾಗಿಲಿಗೆ ಬಂದು ಕೇಳಿದಳು: "ಅಜ್ಜಿ, ಕಮರಕ್ಕೆ ಹುಳ ಬೀಳ್ತೈತಂತಲ್ಲ? ಹಂಗಾದ್ರೆ ಬ್ಯಾಡ ಬಿಡು, ಬರೀ ಹೊಂಗೆ ಹಾಕ್ತೀವಿ." ಅಪ್ಪ ನನಗಾಗಿ ಆಡಿದ ಸುಳ್ಳು ಅದು. ಅದನ್ನು ಸುಳ್ಳು ಎನ್ನಲು ನಾಲಿಗೆ ಏಳಲಿಲ್ಲ. "ನಂಗೇನ್ ಗೊತ್ತವ್ವ" ಎಂದುಬಿಟ್ಟೆ. ಅಪ್ಪನ ಮಾತು ಮುರಿಯಲೇ ಎಂದು ಕೇಳಲು ಆ ಮನೆಯವರು ಒಬ್ಬರೂ ಉಳಿದಿಲ್ಲ. ಬೈಯುವವರೂ ಇಲ್ಲ.

ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿ ನೆಟ್ಟಗೆ ನರ್ಸರಿಗೆ ಹೋದೆ. "ಸುತ್ತ ಸುಲಿದೋಳು ನಾನು ಕಣೇ. ಹುಳ ಆಮೇಲೆ ಬಂದಿದ್ದು, ಗಟ್ಟಿ ಮರಕ್ಕೆ ತಾನಾಗೇ ಬೀಳಲ್ಲ. ಕಮರಾನೇ ಹಾಕು."

ಸುಜಾತ ನನ್ನನ್ನೇ ನೋಡಿದಳು. "ಬೀಜ ಎಲ್ಲೈತಜ್ಜಿ?"

ಪಕ್ಕದ ಬ್ರಹ್ಮಗಿರಿ ಬೆಟ್ಟದ ಕಡೆ ಬಂಡೆಸಂದಿನಲ್ಲಿ ಒಂದು ಮುದಿ ಮರ ಉಳಿದದ್ದು ನನಗೆ ಗೊತ್ತಿತ್ತು. ಸೀರೆ ಎತ್ತಿ ಕಟ್ಟಿ, ಅವಳಿಗಿಂತ ಮುಂದೆ ನಡೆದೆ.